ಪೆನ್ಸಿಲ್ ಮೇಷ್ಟ್ರು

ಕನ್ನಡ ಎಂ.ಎ. ಮಾಡಲು ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಬಂದದ್ದು 2003ರಲ್ಲಿ. ಬೇಲೂರು ತಾಲ್ಲೂಕಿನ ಹಳ್ಳಿಯವಳು. ಡಿಗ್ರಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಬರೆಯಲು ಬರುತ್ತದೆ ಎಂದೇ ತಿಳಿದಿದ್ದೆ. ಪರೀಕ್ಷೆಯಲ್ಲಿ ಪುಟ ತುಂಬಿಸಿದಷ್ಟೂ ಅಂಕ ಎಂಬ ನಂಬಿಕೆ ನಮ್ಮದು. ಯಾರಾದರೂ ಎದ್ದು ನಿಂತು ಅಡಿಷನಲ್ ಶೀಟ್ ಕೇಳಿದರೆ ಉಳಿದವರಿಗೆ ಎದೆ ಡವಡವ. ನಾನು ಮೂರು ಶೀಟ್ ಕೇಳುತ್ತಿದ್ದವಳು.

ಮೊದಲ ವರ್ಷವೇ ಒಂದು ಸೆಮಿನಾರ್ ಪ್ರಬಂಧ ಬರೆಯಬೇಕಿತ್ತು. ವಿಷಯ ಹುಡುಕಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಹಲ್ಮಿಡಿ ಶಾಸನ. ನಮ್ಮೂರಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಹಲ್ಮಿಡಿಯಲ್ಲಿ ಇರುವುದು ಅದರ ಪ್ರತಿಕೃತಿ, ಮೂಲ ಕಲ್ಲು ಅಲ್ಲಿಲ್ಲ. ಆದರೂ ನಮ್ಮ ಕಡೆಯವರಿಗೆ ಅದು ನಮ್ಮ ಕಲ್ಲೇ. ಹನ್ನೆರಡು ಪುಟ ಬರೆದು, ದಾರ ಕಟ್ಟಿ, ಮೇಷ್ಟ್ರ ಮೇಜಿನ ಮೇಲಿಟ್ಟು ಬಂದೆ.

ಒಂದು ವಾರ ಬಿಟ್ಟು ಕರೆದರು. ಹಾಳೆಯ ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಸಣ್ಣ ಅಕ್ಷರ. ಕೆಂಪು ಶಾಯಿ ಅವರು ಮುಟ್ಟುತ್ತಿರಲಿಲ್ಲ. "ನಿನಗೆ ಒಪ್ಪಿಗೆ ಆಗದಿದ್ದರೆ ರಬ್ಬರ್ ತಗೊಂಡು ಅಳಿಸಮ್ಮ. ಆದರೆ ಯಾಕೆ ಅಳಿಸಿದೆ ಅಂತ ಬಂದು ಹೇಳಬೇಕು" ಎಂದರು.

ನನ್ನ ಮೊದಲ ವಾಕ್ಯ ಹೀಗಿತ್ತು: "ಎಲ್ಲರಿಗೂ ತಿಳಿದಿರುವಂತೆ ಹಲ್ಮಿಡಿ ಶಾಸನವು ಕನ್ನಡದ ಮೊಟ್ಟಮೊದಲ ಶಾಸನವಾಗಿದೆ." ಆ ಒಂದು ಸಾಲಿಗೆ ಮೂರು ಪ್ರಶ್ನೆ. 'ಎಲ್ಲರಿಗೂ ತಿಳಿದಿದ್ದರೆ ನೀನು ಯಾಕೆ ಬರೀತಿದ್ದೀಯ?' 'ಮೊಟ್ಟಮೊದಲ ಅಂತ ಯಾರು ಹೇಳಿದ್ದು?' 'ಕಲ್ಲಿನ ಮೇಲೆ ಇಸವಿ ಇದೆಯಾ?'

ಕಲ್ಲಿನ ಮೇಲೆ ಇಸವಿ ಇಲ್ಲ. ಅದು ನನಗೂ ಗೊತ್ತಿತ್ತು. ಆದರೂ ಕ್ರಿ.ಶ. 450 ಎಂದು, ಹುಟ್ಟಿದ ದಿನಾಂಕದ ಹಾಗೆ, ಬರೆದುಬಿಟ್ಟಿದ್ದೆ. ಮೇಷ್ಟ್ರು ಕೂರಿಸಿಕೊಂಡು ಹೇಳಿದರು. ಅಕ್ಷರದ ರೂಪ ನೋಡಿ, ಅದರಲ್ಲಿ ಬರುವ ಕದಂಬ ಅರಸನ ಹೆಸರು ನೋಡಿ ವಿದ್ವಾಂಸರು ಕಾಲ ಊಹಿಸಿದ್ದಾರೆ. ಕೆಲವರು ಆರನೆಯ ಶತಮಾನದ ಮೊದಲಿಗೂ ತರುತ್ತಾರೆ. "ಅವರೆಲ್ಲ ಜಗಳ ಆಡ್ತಾ ಇರೋ ಮನೆಯಲ್ಲಿ ನೀನು ಹೋಗಿ ತೀರ್ಪು ಕೊಟ್ಟು ಬಂದಿದ್ದೀಯ ನೋಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವಮಾನವಾಗಿತ್ತು. ಹಾಸ್ಟೆಲ್ಲಿಗೆ ಬಂದು ರಬ್ಬರ್ ಹುಡುಕಿದ್ದೂ ನಿಜ.

ಅಳಿಸಲು ಕಾರಣ ಮಾತ್ರ ಒಂದೂ ಸಿಗಲಿಲ್ಲ.

ಆಮೇಲೆ ಶನಿವಾರ ಮಧ್ಯಾಹ್ನಗಳು ಶುರುವಾದವು. ಟೈಂ ಟೇಬಲ್ಲಿನಲ್ಲಿ ಇಲ್ಲದ ಕ್ಲಾಸು. ನಾಲ್ಕೈದು ಜನ ಬರೆದದ್ದನ್ನು ಹಿಡಿದುಕೊಂಡು ಹೋಗುತ್ತಿದ್ದೆವು. ನಮ್ಮ ಕೈಲೇ ಜೋರಾಗಿ ಓದಿಸುತ್ತಿದ್ದರು. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗೀಟು. ವಾಕ್ಯ ಅಲ್ಲಿ ಒಡೆಯಬೇಕು. ನನ್ನದೊಂದು ವಾಕ್ಯ ಏಳು ಸಾಲು ಇತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಕರ್ತೃಪದ ಯಾವುದೆಂದು ನನಗೇ ಮರೆತಿತ್ತು.

ಅವರಿಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುತ್ತಿದ್ದದ್ದು 'ಲ್ಪಟ್ಟಿದೆ'ಯ ಮೇಲೆ. ಪರಿಗಣಿಸಲ್ಪಟ್ಟಿದೆ, ಅಭಿಪ್ರಾಯಪಡಲಾಗಿದೆ, ಹೇಳಲಾಗುತ್ತದೆ. ಸಂಶೋಧನೆ ಎಂದರೆ ಹೀಗೇ ಬರೆಯಬೇಕು ಎಂದು ನಮಗೆಲ್ಲ ಯಾರು ಹೇಳಿಕೊಟ್ಟಿದ್ದರೋ ದೇವರೇ ಬಲ್ಲ. "ಯಾರು ಪರಿಗಣಿಸಿದ್ದು? ಗಾಳೀನಾ?" ಎಂದು ಕೇಳುವರು. ಹೆಸರು ಹಾಕಲು ಹೊರಟರೆ ಹೆಸರೇ ಇರುತ್ತಿರಲಿಲ್ಲ. ಯಾವುದೋ ಗೈಡಿನಲ್ಲಿ ಓದಿದ ಸಾಲು, ಆ ಗೈಡಿನವರು ಇನ್ನೆಲ್ಲೋ ಎತ್ತಿದ್ದು.

ಎತ್ತುವುದರಲ್ಲಿ ನಾನೂ ಹಿಂದೆ ಬಿದ್ದಿರಲಿಲ್ಲ. ಅಡಿಟಿಪ್ಪಣಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿ ಎಂದು ಗತ್ತಿನಿಂದ ಹಾಕಿದ್ದೆ. ಇಲಾಖೆಯ ಆಗಿನ ನಿರ್ದೇಶಕ ಎಂ.ಎಚ್. ಕೃಷ್ಣ ಆ ಶಾಸನವನ್ನು ಬೆಳಕಿಗೆ ತಂದ ವರದಿ ಅದು. ಮೇಷ್ಟ್ರು ಕೇಳಿದರು, "ನೋಡಿದ್ದೀಯೇನಮ್ಮ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಸರ್, ಒಂದು ಪುಸ್ತಕದಲ್ಲಿ ಇತ್ತು." "ಹಾಗಾದ್ರೆ ಆ ಪುಸ್ತಕದ ಹೆಸರು ಹಾಕಿ 'ಉದ್ಧೃತ' ಅಂತ ಬರಿ. ಇಲ್ಲಾ ಲೈಬ್ರರಿಗೆ ಹೋಗಿ ಆ ವರದಿಯನ್ನೇ ನೋಡು. ಎರಡರಲ್ಲಿ ಒಂದು." ಬಯ್ಯಲಿಲ್ಲ. ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಲೈಬ್ರರಿಗೆ ಹೋದೆ. ವರದಿ ಇಂಗ್ಲಿಷಿನಲ್ಲಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳಿಗೆ ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಪಕ್ಕದಲ್ಲಿ ಡಿಕ್ಷನರಿ. ಅರ್ಥವಾದದ್ದನ್ನು ಸಾಲಿಗೆ ಸಾಲು ಕನ್ನಡ ಮಾಡಿ ತಂದೆ. ಮೇಷ್ಟ್ರು ಹಾಳೆ ಮಗುಚಿಟ್ಟರು. "ಈಗ ನೋಡದೆ ಹೇಳು. ಊರಲ್ಲಿ ನಿಮ್ಮಜ್ಜಿಗೆ ಹೇಳೋ ಹಾಗೆ ಹೇಳು." ತಡವರಿಸಿ ಹೇಳಿದೆ. ನಾನು ಹೇಳುತ್ತಾ ಹೋದಂತೆ ಅವರು ಬರೆದುಕೊಂಡರು. ಕೊನೆಗೆ ಆ ಹಾಳೆ ನನ್ನ ಕೈಗೆ ಕೊಟ್ಟು, "ತಗೋ, ನಿನ್ನ ಪ್ಯಾರಾ" ಎಂದರು. ಹತ್ತು ಸಾಲು. ಎಲ್ಲ ನನ್ನ ಮಾತೇ. ಅದರಲ್ಲಿ ಒಂದೂ 'ಲ್ಪಟ್ಟಿದೆ' ಇರಲಿಲ್ಲ.

ಟಿಪ್ಪಣಿಗೆ ಕಾರ್ಡು ಬೇಕು, ಒಂದು ಕಾರ್ಡಿಗೆ ಒಂದೇ ವಿಷಯ, ಮೇಲೆ ಪುಸ್ತಕದ ಹೆಸರು, ಪುಟ ಎಂದು ನಿಯಮ. ಕಾರ್ಡು ಕೊಳ್ಳಲು ನಮ್ಮಲ್ಲಿ ದುಡ್ಡಿರಲಿಲ್ಲ. ಮದುವೆ ಕಾಗದಗಳನ್ನು ಕತ್ತರಿಸಿ ಖಾಲಿ ಮಗ್ಗುಲಲ್ಲಿ ಬರೆಯುತ್ತಿದ್ದೆವು. ನನ್ನ ಹಲ್ಮಿಡಿ ಟಿಪ್ಪಣಿಗಳ ಹಿಂದೆ ಇವತ್ತಿಗೂ ಯಾರದೋ ಚಿ.ರಾ., ಚಿ.ಸೌ. ಇದ್ದಾರೆ.

'ಅದೇ'ಯ ಕಥೆ ಹೇಳಲೇಬೇಕು. ಹಿಂದಿನ ಅಡಿಟಿಪ್ಪಣಿಯ ಪುಸ್ತಕವೇ ಮತ್ತೆ ಬಂದರೆ 'ಅದೇ, ಪು. 45' ಎಂದು ಬರೆದು ಮುಗಿಸುತ್ತೇವಲ್ಲ. ಡಿ.ಟಿ.ಪಿ. ಅಂಗಡಿಯಲ್ಲಿ ಕೊನೆ ಗಳಿಗೆಯಲ್ಲಿ ನಡುವೆ ಒಂದು ಹೊಸ ಟಿಪ್ಪಣಿ ಸೇರಿಸಿದೆ. ಕೆಳಗಿನ 'ಅದೇ'ಗಳೆಲ್ಲ ಈಗ ಬೇರೆ ಪುಸ್ತಕಕ್ಕೆ ಅಂಟಿಕೊಂಡವು. ಪದಕೋಶವೊಂದರ ಪುಟದಲ್ಲಿ ಕದಂಬರ ಇತಿಹಾಸ! ಸೆಮಿನಾರಿನ ದಿನ ಗೆಳತಿಯೊಬ್ಬಳು ಎದ್ದು ಅದನ್ನೇ ಕೇಳಿದಳು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನಗು ತಡೆಯುತ್ತಿದ್ದರು ಅಂತ ನನ್ನ ಅನುಮಾನ.

ಪ್ರಬಂಧದ ಮೊದಲ ವಾಕ್ಯವನ್ನು ಎಷ್ಟು ಸಲ ತಿದ್ದಿದೆನೋ ಲೆಕ್ಕವಿಲ್ಲ. ಕೊನೆಗೆ ನಿಂತದ್ದು ಇದು: "ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಹಲ್ಮಿಡಿಯದು ಅತ್ಯಂತ ಹಳೆಯದು ಎಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ, ಅದರ ಕಾಲ ಸುಮಾರು ಕ್ರಿ.ಶ. 450." ಊರಿನವಳಾಗಿ ನನಗೆ ಆ 'ಸುಮಾರು', ಆ 'ಹಲವು' ಕಹಿಯಾಗಿದ್ದವು. ನಮ್ಮ ಕಲ್ಲಿನ ಎತ್ತರ ನಾನೇ ಕಡಿಮೆ ಮಾಡಿದೆ ಅನ್ನಿಸಿತ್ತು. ಅಪ್ಪನಿಗೆ ಓದಿ ಹೇಳಿದಾಗ, "ಮೊದಲನೇದು ಅಂತ ನೇರವಾಗಿ ಬರೆಯೋಕೆ ಏನು ಕಷ್ಟ?" ಎಂದು ಕೇಳಿದರು.

2013ರಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಬಳಿ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ, ಅಂದರೆ ಸಿಂಹದ ಕೆತ್ತನೆಯಿರುವ ಕಟಕಟೆಯ ಮೇಲಿನ ಬರಹ, ಸಿಕ್ಕಿತು. ಅದು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಎಂದು ಪುರಾತತ್ವದವರು ಹೇಳಿದ್ದನ್ನು ನಾನು ಪತ್ರಿಕೆಯಲ್ಲಿ ಓದಿದ್ದು ಕೆಲವು ವರ್ಷ ಬಿಟ್ಟು. ಅಷ್ಟರಲ್ಲಿ ನಾನೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮೇಷ್ಟ್ರು ನಿವೃತ್ತರಾಗಿದ್ದರು. ಓದಿದ ಕೂಡಲೇ ಫೋನ್ ಮಾಡಿದೆ.

"ಸರ್, ತಾಳಗುಂದದ್ದು ಓದಿದ್ರಾ?"

"ಓದಿದೆನಮ್ಮ. ನಿನ್ನ ಪೇಪರಲ್ಲಿ ಏನೇನು ತಿದ್ದಬೇಕು ನೋಡಿದ್ಯಾ?"

"ನೋಡಿದೆ ಸರ್. ಏನೂ ತಿದ್ದಬೇಕಾಗಿಲ್ಲ. 'ಈವರೆಗೆ ದೊರೆತಿರುವ' ಅಂತ ಇದೆ." ನನ್ನ ದನಿಯಲ್ಲಿ ಜಂಬ ಇತ್ತು, ಒಪ್ಪುತ್ತೇನೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಪೆನ್ಸಿಲ್ ಹುಡುಕುತ್ತಿದ್ದಾರೇನೋ ಅನ್ನಿಸಿತು.

"ಈವರೆಗೆ ಅಂದ್ರೆ ಯಾವಾಗಿನವರೆಗೆ? ಇಸವಿ ಹಾಕಿದ್ದೀಯಾ?"

ಎದ್ದು ಹೋಗಿ ಬೀರು ತೆಗೆದೆ. ಹಳೆಯ ಫೈಲು ಹುಡುಕಿ ರಟ್ಟು ತಿರುಗಿಸಿ ನೋಡಿದೆ.

"ಮೊದಲ ಪುಟದಲ್ಲಿ 2004 ಅಂತ ಇದೆ ಸರ್."

"ಹಾಗಾದ್ರೆ ಸರಿ. ಊಟ ಆಯ್ತಾ?" ಎಂದರು.