ಅಂಟು ಎಷ್ಟು ಹಾಕಿದರೂ ಕಾಲಿನ ಕೂದಲು ಯಾಕೆ ನಿಲ್ಲಲ್ಲ?

ಮಾಂಸದ ತಳಿಯ ಹೋರಿ, ಪಡ್ಡೆಗಳನ್ನು ಪ್ರದರ್ಶನಕ್ಕೆ ತಯಾರು ಮಾಡುವ ಹೊಸಬರು ನನ್ನ ಹತ್ತಿರ ಕೇಳುವುದು ಇದೊಂದೇ: "ನೀವು ಯಾವ ಅಂಟು ಹಾಕ್ತೀರಿ? ನಾವು ಎತ್ತಿ ನಿಲ್ಲಿಸಿದ ಕೂದಲು ರಿಂಗಿಗೆ, ಅಂದ್ರೆ ತೀರ್ಪು ನಡೆಯೋ ಅಂಗಳಕ್ಕೆ, ಹೋಗೋಷ್ಟರಲ್ಲಿ ಮಲಗಿಬಿಡುತ್ತೆ."

ನಾನು ತಿರುಗಿ ಕೇಳುತ್ತೇನೆ: ಕಳೆದ ಮೂರು ತಿಂಗಳು ಕಾಲಿಗೆ ಬಾಚಣಿಗೆ ಹಾಕಿದ್ದೀರಾ? ಅಲ್ಲಿಗೆ ಮಾತು ನಿಲ್ಲುತ್ತದೆ.

ಮೊದಲು ಈ ಒದ್ದಾಟ ಯಾಕೆ ಅಂತ ಹೇಳಿಬಿಡುತ್ತೇನೆ. ಕಾಲಿನ ಕೂದಲು ಎದ್ದು ನಿಂತರೆ ಮೂಳೆ ದಪ್ಪ ಕಾಣುತ್ತದೆ. ಹಿಂಗಾಲು ಜಾಸ್ತಿ ಬಾಗಿದ್ದರೆ, ಹಿಂದಕ್ಕೆ ಚಾಚಿದ ಗೆಣ್ಣಿನ ತುದಿಯಲ್ಲಿ ಕೂದಲನ್ನು ಗಿಡ್ಡ ಕತ್ತರಿಸಿ, ಅದರ ಕೆಳಗೆ ಸ್ವಲ್ಪ ಉದ್ದ ಬಿಡುತ್ತೇವೆ. ಕಾಲು ನೆಟ್ಟಗಾದ ಹಾಗೆ ಕಾಣುತ್ತದೆ. ಕಣ್ಣಿಗೆ ಮಣ್ಣೆರಚುವ ಕೆಲಸ ಅಲ್ವಾ ಅಂದರೆ, ಸ್ವಲ್ಪ ಹೌದು. ಆದರೆ ಒಳ್ಳೆ ತೀರ್ಪುಗಾರರು ದನ ನಡೆಯುವುದನ್ನು ನೋಡುತ್ತಾರೆ, ನಡಿಗೆಗೆ ಅಂಟು ಹಚ್ಚೋಕಾಗಲ್ಲ. ಹಾಲಿನ ಹಸುಗಳಿಗೆ ಈ ತಾಪತ್ರಯ ಇಲ್ಲ. ಅವುಗಳ ಮೂಳೆ ಚಪ್ಪಟೆಯಾಗಿ, ಸ್ಪಷ್ಟವಾಗಿ ಕಾಣಬೇಕು ಅಂತ ಕಾಲನ್ನು ನುಣ್ಣಗೆ ಬೋಳಿಸುತ್ತಾರೆ.

ಕೂದಲಿಗೆ ಎದ್ದು ನಿಲ್ಲುವ ಅಭ್ಯಾಸ ಆಗುವುದು ಕೊಟ್ಟಿಗೆಯಲ್ಲಿ. ದಿನಾ ಕಾಲು ತೊಳೆಯಬೇಕು. ಬ್ಲೋವರ್ ಹಿಡಿದು ಬುಡದವರೆಗೂ ಒಣಗಿಸುತ್ತಾ ಮೇಲಕ್ಕೆ, ಕೊಂಚ ಮುಂದಕ್ಕೆ ಬಾಚಬೇಕು. ಸೆಕೆಯಲ್ಲಿ ಕೂದಲು ಉದುರುತ್ತದೆ, ಹಾಗಾಗಿ ನೆರಳು, ಫ್ಯಾನು ಬೇಕೇ ಬೇಕು.

ಪ್ರದರ್ಶನದ ದಿನದ ಕೆಲಸ ಸಣ್ಣದು, ಆದರೆ ಅವಸರ ಕೂಡದು. ಗೊರಸಿನ ಮೇಲಿನಿಂದ ಶುರು ಮಾಡಿ, ಎರಡು ಬೆರಳಗಲದಷ್ಟು ಜಾಗಕ್ಕೆ ಮಾತ್ರ ಅಂಟಿನ ಸ್ಪ್ರೇ ಹೊಡೆಯಿರಿ. ತಕ್ಷಣ ಬಾಚಣಿಗೆಯ ಹಲ್ಲು ಬುಡಕ್ಕೆ ಇಟ್ಟು ಮೇಲಕ್ಕೆ ಎಳೆದು, ಅಂಟು ಹಿಡಿಯುವವರೆಗೆ ಹಾಗೇ ಹಿಡಿದಿರಿ. ಆಮೇಲೆ ಮೇಲಿನ ಪಟ್ಟಿ. ಇಡೀ ಕಾಲಿಗೆ ಒಟ್ಟಿಗೆ ಹೊಡೆದರೆ ಬಾಚುವಷ್ಟರಲ್ಲಿ ಒಣಗಿ ಜಿಗುಟು ಗಂಟಾಗುತ್ತದೆ. ಬುಡದಲ್ಲಿ ತೇವ ಇದ್ದರಂತೂ ಹಿಡಿಯುವುದೇ ಇಲ್ಲ. ಕೊನೆಗೆ ಕ್ಲಿಪ್ಪರ್‌ನಿಂದ ತುದಿಗಳನ್ನು ಮಾತ್ರ ಸವರಿ. ಕುಕ್ಕರಗಾಲಲ್ಲಿ ಕೂತು ಮಾಡಿ, ಮಂಡಿಯೂರಬೇಡಿ. ಒದೆಯೋಕೆ ಬಂದಾಗ ಜಿಗಿದು ಏಳಬೇಕಲ್ಲ!

ಒಮ್ಮೆ ಸುಸ್ತಾಗಿ, ಅಂಟು ತೆಗೆಯುವುದನ್ನು ಬೆಳಿಗ್ಗೆಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ಬಾಚಿದರೆ ಕೂದಲು ಕಂತೆಕಂತೆಯಾಗಿ ಬಾಚಣಿಗೆಯ ಹಲ್ಲಿಗೆ ಬಂತು, ಹಿಂಗಾಲಿನ ಮೇಲೆ ಅಂಗೈಯಗಲ ಬೋಳು. ಈಗ ರಿಂಗಿನಿಂದ ಬಂದ ಕೂಡಲೇ ಅಂಟು ಬಿಡಿಸುವ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಸೋಪು ಹಾಕಿ ತೊಳೆದ ಮೇಲೇ ನನಗೆ ಊಟ.

ಅಂದ ಹಾಗೆ, ಕೆಲವು ಪ್ರದರ್ಶನಗಳಲ್ಲಿ ಅಂಟಿಗೇ ಅವಕಾಶ ಇಲ್ಲ, ಬರೀ ತೊಳೆದು ಒಣಗಿಸಿ ಕರೆತರಬೇಕು. ಡಬ್ಬಿ ಕೊಳ್ಳುವ ಮೊದಲು ನಿಯಮ ಓದಿಕೊಳ್ಳಿ.