ಬಿಸಿ ಕಡಲು ಸುರಿಸುವ ಹಿಮ: ಟೋಕಿಯೊದಿಂದ ತೊಯಾಮಾ ಕೊಲ್ಲಿಯವರೆಗೆ

ಜನವರಿಯಲ್ಲಿ ಟೋಕಿಯೊದಿಂದ ಜೋಎತ್ಸು ಶಿಂಕಾನ್‌ಸೆನ್ ಹತ್ತಿದರೆ ತಕಾಸಾಕಿ ದಾಟುವವರೆಗೂ ಸಾಮಾನ್ಯವಾಗಿ ಬಿಸಿಲು. ಗುನ್ಮಾ ಬಯಲಿನಲ್ಲಿ ‘ಕರಕ್ಕಾಜೆ’ ಎಂಬ ಒಣಗಾಳಿ ಧೂಳೆಬ್ಬಿಸುತ್ತಿರುತ್ತದೆ. ಆಮೇಲೆ ರೈಲು 22.2 ಕಿ.ಮೀ. ಉದ್ದದ ದೈಶಿಮಿಜು ಸುರಂಗ ಹೊಗುತ್ತದೆ. ಐದಾರು ನಿಮಿಷ ಕತ್ತಲು. ಹೊರಬಿದ್ದರೆ ಎಚಿಗೊ-ಯುಜಾವಾ: ಬೂದು ಆಕಾಶ, ಆಳೆತ್ತರದ ಹಿಮ. ಟೋಕಿಯೊ ಬಿಟ್ಟು ಒಂದೂಕಾಲು ಗಂಟೆಯೂ ಸರಿಯಾಗಿ ಆಗಿರುವುದಿಲ್ಲ. ಜನವರಿಯಲ್ಲಿ ಟೋಕಿಯೊಗೆ ಸುಮಾರು 190 ಗಂಟೆ ಬಿಸಿಲು ಸಿಕ್ಕರೆ, ಇದೇ ಹಳಿಯ ಕೊನೆಯ ನಿಲ್ದಾಣವಾದ ನೀಗಾತಾಕ್ಕೆ ಸಿಗುವುದು 60 ಗಂಟೆಗೂ ಕಡಿಮೆ.

ಚಳಿ ಹೆಚ್ಚು, ಅದಕ್ಕೇ ಹಿಮ ಎಂದುಕೊಂಡರೆ ತಪ್ಪು. ಜಪಾನ್ ಸಮುದ್ರದಾಚೆ, ರಷ್ಯಾ ದಡದ ವ್ಲಾಡಿವೊಸ್ಟಾಕ್‌ನ ಜನವರಿ ಸರಾಸರಿ ಮೈನಸ್ 12 ಡಿಗ್ರಿ, ಆದರೆ ಅಲ್ಲಿ ಹಿಮ ಕಡಿಮೆ. ನೀಗಾತಾದ ಸರಾಸರಿ ಸೊನ್ನೆಗಿಂತ ಎರಡೂವರೆ ಡಿಗ್ರಿ ಮೇಲೆಯೇ ಇದೆ. ಹಿಮ ಹುಟ್ಟುವುದು ಇವೆರಡರ ನಡುವಿನ 800 ಕಿ.ಮೀ. ನೀರಿನ ಮೇಲೆ. ದಕ್ಷಿಣದಿಂದ ಒಳಬರುವ ತ್ಸುಶಿಮಾ ಪ್ರವಾಹದಿಂದಾಗಿ ಜಪಾನ್ ಕರಾವಳಿಯ ನೀರು ನಡುಚಳಿಗಾಲದಲ್ಲೂ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸೈಬೀರಿಯಾದಿಂದ ಬಂದ ಒಣ, ಕೊರೆಯುವ ಗಾಳಿಗೆ ಅದು ಒಲೆ ಇದ್ದ ಹಾಗೆ. ಗಾಳಿಯ ತಳ ಬಿಸಿಯಾಗುತ್ತದೆ, ತೇವ ಹೀರುತ್ತದೆ. ಮೇಲ್ಭಾಗ ತಣ್ಣಗೇ ಉಳಿಯುತ್ತದೆ. ತಳದ ಗಾಳಿ ಕುದಿಯುವ ನೀರಿನಂತೆ ಉಕ್ಕಿ ಮೋಡವಾಗುತ್ತದೆ. ಎರಡು ಸಾವಿರ ಮೀಟರ್ ಬೆಟ್ಟಸಾಲು ಅದನ್ನು ಮತ್ತಷ್ಟು ಎತ್ತಿ ಹಿಂಡುತ್ತದೆ. ಹಿಂಡಿ ಉಳಿದ ಒಣಗಾಳಿಯೇ ಗುನ್ಮಾದ ಕರಕ್ಕಾಜೆ.

ಜೂನ್‌ನಲ್ಲಿ ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋದವರಿಗೆ ಇದರ ಅರ್ಧ ಗೊತ್ತೇ ಇದೆ. ಇನ್ನರ್ಧ ಗೊತ್ತಿರುವುದು ಚೆನ್ನೈಯವರಿಗೆ: ನೆಲದ ಕಡೆಯಿಂದ ಒಣಗಿಯೇ ಹೊರಟ ಹಿಂಗಾರು ಗಾಳಿ ಬಂಗಾಳ ಕೊಲ್ಲಿ ದಾಟುವಾಗ ತೇವ ತುಂಬಿಕೊಂಡು ಬಂದು ಸುರಿಯುತ್ತದೆ.

ಹೊರಡುವ ಹಿಂದಿನ ರಾತ್ರಿ ಜಪಾನಿನ ಹವಾಮಾನ ಉಪಗ್ರಹ ‘ಹಿಮವಾರಿ’ಯ ಚಿತ್ರ ನೋಡಿಕೊಳ್ಳುವುದು ಒಳ್ಳೆಯದು. (ಹೆಸರಿಗೂ ನಮ್ಮ ಹಿಮಕ್ಕೂ ಸಂಬಂಧವಿಲ್ಲ, ಹಿಮವಾರಿ ಎಂದರೆ ಸೂರ್ಯಕಾಂತಿ.) ಸಮುದ್ರದ ಮೇಲೆ ಬಾಚಣಿಗೆ ಎಳೆದಂತೆ ಮೋಡದ ಗೆರೆಗಳು ಕಾಣುತ್ತವೆ. ನೋಡಬೇಕಾದ್ದು ಗೆರೆಗಳನ್ನಲ್ಲ, ರಷ್ಯಾ ದಡಕ್ಕೂ ಮೊದಲ ಮೋಡಕ್ಕೂ ನಡುವಿನ ಖಾಲಿ ಜಾಗವನ್ನು. ಅದು ಕಿರಿದಾದಷ್ಟೂ ಗಾಳಿಗೂ ನೀರಿಗೂ ಉಷ್ಣಾಂಶದ ಅಂತರ ಹೆಚ್ಚು, ಹಿಮವೂ ಜೋರು. ಚೀನಾ-ಕೊರಿಯಾ ಗಡಿಯ ಚಾಂಗ್‌ಬಾಯ್ ಪರ್ವತಕ್ಕೆ ಬಡಿದು ಸೀಳಿದ ಗಾಳಿ ಕಡಲ ಮೇಲೆ ಮತ್ತೆ ಕೂಡುವಲ್ಲಿ ಒಂದು ದಪ್ಪ ಪಟ್ಟಿ ಎದ್ದಿದ್ದರೆ, ಅದರ ತುದಿ ಯಾವ ಊರಿನತ್ತ ಇದೆಯೋ ಆ ಊರಿನ ಪ್ರಯಾಣ ಮುಂದೂಡಬೇಕು. ರೈಲು, ಹೆದ್ದಾರಿ ಎರಡೂ ನಿಲ್ಲುವುದು ಇಂಥ ದಿನಗಳಲ್ಲೇ.

ಹವಾಮಾನ ನಕ್ಷೆಯಲ್ಲಿ ಸಮಭಾರ ರೇಖೆಗಳು (ಗಾಳಿಯ ಒತ್ತಡ ಒಂದೇ ಇರುವ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತೊತ್ತಾಗಿ ಉತ್ತರ-ದಕ್ಷಿಣ ನಿಂತಿದ್ದರೆ ಗಾಳಿ ಮೋಡವನ್ನು ಬೆಟ್ಟಕ್ಕೇ ಹೊತ್ತೊಯ್ಯುತ್ತದೆ. ಅದು ‘ಬೆಟ್ಟದ ಹಿಮ’. ರೇಖೆಗಳು ಸಡಿಲಾಗಿ, ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ಮೈನಸ್ 36 ಡಿಗ್ರಿಯ ಚಳಿ ಬಂದು ಕೂತರೆ ಮೋಡ ಕಡಲ ಮೇಲೇ ಬಲಿತು ಬಯಲಿಗೆ ಸುರಿಯುತ್ತದೆ; ಅದು ‘ಊರಿನ ಹಿಮ’. ಪ್ರವಾಸಿಗೆ ತೊಂದರೆ ಎರಡನೆಯದರಿಂದ.

ಯುಜಾವಾದ ಬೀದಿಗಳಲ್ಲಿ ರಸ್ತೆಯ ನಡುವಿನ ಸಣ್ಣ ತೂತುಗಳಿಂದ ನೀರು ಚಿಮ್ಮುತ್ತಿರುತ್ತದೆ. ಅದು 13-14 ಡಿಗ್ರಿಯ ಅಂತರ್ಜಲ. ಕಾಯಿಸುವುದೇ ಬೇಡ, ಹಿಮ ಕರಗಿಸಲು ಅಷ್ಟು ಬಿಸಿ ಸಾಕು. ನೀರಿನ ಕಬ್ಬಿಣಾಂಶದಿಂದ ರಸ್ತೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ನೀರು ವಿಪರೀತ ಎತ್ತಿದ ಕಡೆ ನೆಲವೇ ಕುಸಿದಿದ್ದೂ ಉಂಟು. ಇಲ್ಲಿ ಚರ್ಮದ ಬೂಟು ಕೆಲಸಕ್ಕೆ ಬಾರದು, ಮೊಣಕಾಲುದ್ದದ ರಬ್ಬರ್ ಬೂಟೇ ಬೇಕು. ಕಡಲ ತೇವದ ಹಿಮ ಒದ್ದೆಯಾಗಿ ಭಾರವಾಗಿರುವುದರಿಂದ ಕೊಡೆಯೂ ಬೇಕು. ‘ಬುತ್ತಿ ಮರೆತರೂ ಕೊಡೆ ಮರೆಯಬೇಡ’ ಎಂಬುದು ಕನಾಜಾವಾ ಕಡೆಯ ಮಾತು.

ಯುಜಾವಾದಿಂದ ಹೊಕುಹೊಕು ಲೈನ್ ಹಿಡಿದರೆ ಕಡಲ ದಡದ ನಾಓಎತ್ಸು. ಅಲ್ಲಿಂದ ಎರಡನೇ ನಿಲ್ದಾಣ ತಕಾದಾ. 1945ರ ಫೆಬ್ರವರಿ 26ರಂದು ಇಲ್ಲಿ ಹಿಮದ ದಪ್ಪ 377 ಸೆಂ.ಮೀ. ಇತ್ತು. ಅದಕ್ಕೇ ಇಲ್ಲಿನ ಮನೆಗಳ ಮುಂದೆ ‘ಗಂಗಿ’: ಪ್ರತಿ ಮನೆಯವರೂ ಸ್ವಂತ ಜಾಗದಲ್ಲಿ ಮಾಡನ್ನು ಮುಂದಕ್ಕೆ ಇಳಿಸಿ, ಸಾಲು ಜಗಲಿಯಂತೆ ಜೋಡಿಸಿದ ಕಾಲುದಾರಿ. ಎಲ್ಲ ಸೇರಿ ಸುಮಾರು 16 ಕಿ.ಮೀ. ಆದರೆ ಒಂದೊಂದು ಮನೆಯ ನೆಲ ಒಂದೊಂದು ಎತ್ತರ. ಕತ್ತಲಲ್ಲಿ ಎಡವುವುದು ಸುಲಭ.

ತಕಾದಾ ಬಳಿಯ ಜೋಎತ್ಸು-ಮ್ಯೋಕೊ ನಿಲ್ದಾಣದಿಂದ ಹೊಕುರಿಕು ಶಿಂಕಾನ್‌ಸೆನ್‌ನಲ್ಲಿ ತೊಯಾಮಾ ದಾಟಿ, ತಕಾಓಕಾದಿಂದ ಹಿಮಿ ಲೈನ್‌ನಲ್ಲಿ ಅಮಾಹರಾಶಿಗೆ ಹೋದರೆ ಇಷ್ಟು ಹೊತ್ತು ಉಪಗ್ರಹದಲ್ಲಿ ಕಂಡದ್ದು ಕಾಲ ಬುಡದಲ್ಲೇ ನಡೆಯುತ್ತದೆ. ಬೇಕಾದ್ದು ಹಿಮ ನಿಂತು, ಗಾಳಿ ಸತ್ತು, ಆಕಾಶ ತೆರೆದ ಮುಂಜಾವು. ರಾತ್ರಿಯಿಡೀ ತಣಿದ ನೆಲದ ಗಾಳಿ ಕೊಲ್ಲಿಯ ಬೆಚ್ಚನೆ ನೀರಿನ ಮೇಲೆ ಜಾರುತ್ತದೆ. ನೀರು ಹಂಡೆಯಂತೆ ಹಬೆಯಾಡುತ್ತದೆ. ಹಬೆ ಸೊಂಟದೆತ್ತರ, ಕೆಲವೆಡೆ ಆಳೆತ್ತರ. ಅದರ ಮೇಲೆ ತಾತೆಯಾಮಾದ ಮೂರು ಸಾವಿರ ಮೀಟರ್ ಶಿಖರಗಳು. ಜನವರಿಯಲ್ಲಿ ಸೂರ್ಯೋದಯ ಏಳರ ಸುಮಾರಿಗೆ. ಅರ್ಧ ಗಂಟೆ ಮೊದಲೇ ದಡದಲ್ಲಿರಬೇಕು. ಬಿಸಿಲೇರಿದರೆ ಅಥವಾ ಸ್ವಲ್ಪ ಗಾಳಿ ಎದ್ದರೆ ಹಬೆ ಚದುರುತ್ತದೆ.

ಕಡಲು ಗಾಳಿಗೆ ಕೊಟ್ಟದ್ದು ಇದು. ಗಾಳಿ ಕಡಲಿಗೆ ಕೊಟ್ಟದ್ದು ಕಣ್ಣಿಗೆ ಕಾಣದು. ವ್ಲಾಡಿವೊಸ್ಟಾಕ್ ಎದುರಿನ ಮೇಲ್ನೀರು ಚಳಿಗಾಳಿಗೆ ಸೊನ್ನೆಯ ಹತ್ತಿರ ತಣಿದು, ಭಾರವಾಗಿ, ಆಮ್ಲಜನಕ ಹೊತ್ತು ತಳಕ್ಕಿಳಿಯುತ್ತದೆ. ಹೊರಗಿನ ಜಲಸಂಧಿಗಳು ಆಳವಿಲ್ಲದ್ದರಿಂದ ಆ ನೀರು ಈ ಬೋಗುಣಿಯಲ್ಲೇ ಉಳಿಯುತ್ತದೆ. ತೊಯಾಮಾ ಕೊಲ್ಲಿಯಲ್ಲಿ 300 ಮೀಟರ್ ಕೆಳಗೆ ಬೇಸಿಗೆಯಲ್ಲೂ ಎರಡು ಡಿಗ್ರಿಯ ಆಸುಪಾಸು ಇರುವುದು ಇದರಿಂದ. ಚಳಿಗಾಲಗಳು ಬೆಚ್ಚಗಾದಂತೆ ಈ ಇಳಿತ ಕುಂದಿ, ತಳದ ಆಮ್ಲಜನಕ ಕಡಿಮೆಯಾಗುತ್ತಿದೆ.

ಮುಂದಿನ ನಿಲ್ದಾಣಗಳಲ್ಲೊಂದು ಹಿಮಿ, ಬುರಿ ಮೀನಿನ ಊರು. ನೀರು ತಣಿದಂತೆ ಬುರಿ ಉತ್ತರದಿಂದ ಕೆಳಗಿಳಿದು ಇಲ್ಲಿನ ನಿಲುಬಲೆಗಳಿಗೆ ಬೀಳುತ್ತದೆ. ನಿಗದಿತ ತೂಕ ಮುಟ್ಟಿದರೆ ಮಾತ್ರ ‘ಹಿಮಿ ಕಾನ್‌ಬುರಿ’ ಮುದ್ರೆ. ಚಳಿಗಾಲದ ಮೊದಲ ಗುಡುಗಿಗೆ ಇಲ್ಲಿ ‘ಬುರಿ-ಒಕೊಶಿ’, ಬುರಿಯನ್ನು ಎಬ್ಬಿಸುವ ಗುಡುಗು ಎಂಬ ಹೆಸರು. ಹಾಗೆಂದು ಗುಡುಗಿದ ದಿನವೇ ಮೀನಂಗಡಿಗೆ ಹೋಗಬಾರದು. ಅಲೆ ಎದ್ದಾಗ ದೋಣಿ ಹೊರಡುವುದಿಲ್ಲ. ಗಾಳಿ ಇಳಿದು ಬಲೆ ಎತ್ತಿದ ಬೆಳಿಗ್ಗೆ ಹೋಗಬೇಕು.