ಮೂಕಿ ಚಿತ್ರಕ್ಕೆ ಬಂದ ಗಾಯಕಿ

ಕಲಬುರಗಿಯ ಬೇಸಿಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಮಲಗಿ ನಾನು ಹೆಚ್ಚಾಗಿ ಕೇಳುವುದು ಅಮೆರಿಕದ ಆಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ಸಂಗೀತ ನಾಟಕ) ಗಾಯಕಿ ಜೆರಾಲ್ಡೀನ್ ಫರಾರ್ ಅವರ ಹಳೆಯ ಧ್ವನಿಮುದ್ರಿಕೆಗಳನ್ನು. 1882ರಲ್ಲಿ ಹುಟ್ಟಿದ ಅವರು 1901ರಲ್ಲಿ ಬರ್ಲಿನ್ನಿನಲ್ಲಿ ರಂಗವೇರಿ, 1906ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾ ಸೇರಿ, ಕರೂಸೋ ಅವರಂಥ ಗಾಯಕರ ಜೋಡಿಯಾಗಿ ಹಾಡಿದರು.

ಇಂಥ ಕಂಠಸಿರಿಯುಳ್ಳವರು 1915ರಲ್ಲಿ ಸೆಸಿಲ್ ಬಿ. ಡಿಮಿಲ್ ಅವರ ‘ಕಾರ್ಮೆನ್’ ಚಿತ್ರದಲ್ಲಿ ನಟಿಸಿದಾಗ ಸಿನಿಮಾಕ್ಕೆ ಇನ್ನೂ ಮಾತೇ ಬಂದಿರಲಿಲ್ಲ ಎಂಬುದು ವಿಚಿತ್ರ. ಹಾಡನ್ನು ಬದಿಗಿಟ್ಟು ಕಣ್ಣು, ಭುಜ, ನಡಿಗೆಗಳಲ್ಲೇ ಅವರು ಪಾತ್ರವನ್ನು ಕಟ್ಟಿದರು. ತಂಬಾಕು ಕಾರ್ಖಾನೆಯ ಜಗಳದಲ್ಲಿ ಇನ್ನೊಬ್ಬಳ ಮೇಲೆ ಎರಗುವ ಅವರ ರಭಸ ಇಂದಿಗೂ ಬೆಚ್ಚಿಬೀಳಿಸುತ್ತದೆ. ನಮ್ಮ ಶರಣಬಸವೇಶ್ವರ ಜಾತ್ರೆಯ ಕಂಪನಿ ನಾಟಕಗಳಲ್ಲಿ ಹಿಂದಿನ ಸಾಲಿನವರಿಗೂ ಮುಟ್ಟುವಂತೆ ನಟಿಸುವವರನ್ನು ಕಂಡವರಿಗೆ ಈ ಅಭಿನಯ ಅಪರಿಚಿತವೆನಿಸದು. ಮರುವರ್ಷ ಅದೇ ಕಾರ್ಮೆನ್ ಪಾತ್ರವನ್ನು ಮತ್ತೆ ಆಪೆರಾ ರಂಗದ ಮೇಲೆ ಮಾಡುವಾಗ ಸಿನಿಮಾದ ಒರಟುತನವನ್ನೂ ಜೊತೆಗೆ ತಂದು ಕರೂಸೋ ಅವರ ಕೆನ್ನೆಗೇ ಬಾರಿಸಿದರೆಂದು ಹೇಳುತ್ತಾರೆ. ನನಗಂತೂ ಇದು ನಂಬುವಂತೆಯೇ ಇದೆ.

ಮುಂದೆ ‘ಜೋನ್ ದ ವುಮನ್’ ಸೇರಿ ಹಲವು ಮೂಕಿ ಚಿತ್ರಗಳು ಬಂದವು. 1922ರಲ್ಲಿ, ನಲವತ್ತರ ವಯಸ್ಸಿಗೇ, ಅಭಿಮಾನಿ ಹುಡುಗಿಯರ ಜಯಕಾರದ ನಡುವೆ ಅವರು ಮೆಟ್ರೋಪಾಲಿಟನ್ ಆಪೆರಾಕ್ಕೆ ವಿದಾಯ ಹೇಳಿದರು.